ಹಳ್ಳ ದಾಟಿದ ಬಸವನಹುಳು

ಚನ್ನವೀರನ ವ್ರತ ಮುಗಿಯಲು ಇನ್ನು ಒಂಬತ್ತೇ ದಿನ ಇತ್ತು.

ಮೂರು ವರ್ಷ ಒಂದು ಜೀವವನ್ನೂ ಕೊಲ್ಲಬಾರದು. ಆಮೇಲೆ ಕಾವಿ. ಹಳ್ಳದ ದಂಡೆಯ ಆ ಸಣ್ಣ ಮಠದ ಪದ್ಧತಿ ಅದು. ಮಠದಲ್ಲಿ ಇದ್ದವರು ಇಬ್ಬರೇ, ಗುರುಗಳಾದ ಅಜ್ಜಾರು ಮತ್ತು ಅವನು.

ಹೋದ ಮಳೆಗಾಲ ಪೇಟೆಯ ಕಟ್ಟಿಗೆ ಅಡ್ಡೆಯ ಮುಂದೆ ಎರಡು ಬಸವನಹುಳು ಲಾರಿ ಗಾಲಿಗೆ ಸಿಗುವುದರಲ್ಲಿದ್ದವು. ಒಂದೊಂದೂ ಮುಷ್ಟಿಯಷ್ಟು. ಚನ್ನವೀರ ಅಂಥವನ್ನು ಕಂಡೇ ಇರಲಿಲ್ಲ. ಜೋಳಿಗೆಯಲ್ಲಿ ತಂದು ಮಠದ ಹಿತ್ತಲಲ್ಲಿ ಬಿಟ್ಟ.

"ಯಾವೂರಿನವು?" ಎಂದರು ಅಜ್ಜಾರು.

"ಎಲ್ಲಿಂದಲೋ ದಿಮ್ಮಿ ಸಂಗಡ ಬಂದಾವಂತ್ರಿ. ಜೀವಕ್ಕ ಊರು ಯಾವುದ್ರಿ ಅಜ್ಜಾರ?"

ಅಜ್ಜಾರು ಸುಮ್ಮನಾದರು.

ಈ ಮಳೆಗಾಲಕ್ಕೆ ಹಿತ್ತಲೆಲ್ಲ ಅವೇ. ಬಸಳೆ ತಿಂದವು, ಪಪ್ಪಾಯಿ ಸಸಿ ತಿಂದವು, ಕೊನೆಗೆ ಗೋಡೆಯ ಸುಣ್ಣವನ್ನೂ ಕೆರೆದು ತಿಂದವು. ಕೊಲ್ಲುವಂತಿಲ್ಲ. ಚನ್ನವೀರ ದಿನಾ ಬೆಳಿಗ್ಗೆ ಬಕೆಟ್ ತುಂಬ ಆರಿಸಿ, ಹಳ್ಳ ದಾಟಿ, ಆಚೆ ದಂಡೆಯಲ್ಲಿ ಬಿಟ್ಟು ಬರತೊಡಗಿದ. ಬರುವಾಗ ಬಕೆಟ್ ಹಗುರ, ಮನಸ್ಸೂ ಹಗುರ.

ಆಚೆ ದಂಡೆಯಲ್ಲಿ ನೀಲವ್ವನ ವೀಳ್ಯದೆಲೆ ತೋಟ. ಅವಳ ಬದುಕೆಲ್ಲ ಅದೇ.

ಒಂದು ಬೆಳಿಗ್ಗೆ ಅವಳು ತೂತು ಬಿದ್ದ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

"ಅಜ್ಜಾರ, ನಿಮ್ಮ ಶಿಷ್ಯನ ದಯಾ ನನ್ನ ತೋಟ ತಿಂದು ಹಾಕೇತ್ರಿ."

"ಬಸವನ ಹೆಸರು ಹೊತ್ತ ಹುಳು, ನೀಲವ್ವ," ಎಂದ ಚನ್ನವೀರ. "ಹೆಂಗ ಕೊಲ್ಲಲಿ?"

"ಹೆಸರು ಬಸವನದು, ಖರೆ. ಹೊಟ್ಟಿ ಬಕಾಸುರನದು ತಮ್ಮಾ."

ಅಜ್ಜಾರು ಚನ್ನವೀರನ ಕಡೆ ತಿರುಗಿದರು. "ನಮ್ಮ ಸಣ್ಣ ಹುಳು ಇರತಾವಲ್ಲ, ಗೋಡಿ ಪಾಚಿ ಮ್ಯಾಲ, ಉಗುರಿನಷ್ಟು. ಒಂದು ಹುಡುಕಿ ತಾ."

"ಒಂದ ಸಾಕ್ರಿ?"

"ಸಾಕು."

ಚನ್ನವೀರ ನಕ್ಕ. ಮಳೆ ಬಿದ್ದರೆ ಅವು ಗೋಡೆ ತುಂಬ ಹುರಿಗಡಲೆ ಚೆಲ್ಲಿದ ಹಾಗೆ ಕಾಣುತ್ತಿದ್ದವು.

ಈಗ ಗೋಡೆಯ ಮೇಲೆ ಪಾಚಿಯೇ ಇರಲಿಲ್ಲ; ದೊಡ್ಡ ಹುಳುಗಳು ಅದನ್ನೂ ಕೆರೆದು ತಿಂದಿದ್ದವು. ಕಲ್ಲು ಎತ್ತಿ ನೋಡಿದ. ಬಾವಿಕಟ್ಟೆ ನೋಡಿದ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿದ್ದು ನಾಲ್ಕು ಬರೀ ಚಿಪ್ಪು.

ಮಠಕ್ಕೆ ಬಂದರೆ ಅಜ್ಜಾರು ಇಲ್ಲ. ಅಡುಗೆಮನೆಯ ಉಪ್ಪಿನ ಗಡಿಗೆಯೂ ಇಲ್ಲ.

ಹಳ್ಳ ದಾಟಿ ನೋಡಿದರೆ ಅಜ್ಜಾರು ನೀಲವ್ವನ ತೋಟದಲ್ಲಿದ್ದರು. ಬಗ್ಗದ ಮೊಣಕಾಲು ಚಾಚಿ ಕೂತು, ಬಳ್ಳಿಯಿಂದ ಒಂದೊಂದೇ ಹುಳು ಬಿಡಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತಿದ್ದರು.

"ಅಜ್ಜಾರ, ನೀವ?"

"ಅವತ್ತ ನೀ ತಂದಾಗ ನೋಡಿ ಸುಮ್ಮನಿದ್ದೆ. ನನ್ನ ಪಾಲೂ ಐತಿ. ಸಿಕ್ಕತೇನು?"

ಚನ್ನವೀರ ಮುಷ್ಟಿ ಬಿಚ್ಚಿ ಚಿಪ್ಪು ತೋರಿಸಿದ.

"ಇವನ್ನ ಕೊಂದವರು ಯಾರು?"

ಚನ್ನವೀರ ಚಿಪ್ಪುಗಳನ್ನು ಬಳ್ಳಿಯ ಬುಡದಲ್ಲಿ ಇಟ್ಟ. ಆಮೇಲೆ ಎದುರಿಗೆ ಕೂತ.

ಮೊದಲನೆಯದನ್ನು ಹಾಕುವಾಗ ಬಸವಾ ಎಂದು ಕಣ್ಣು ಮುಚ್ಚಿದ. ಹತ್ತನೆಯದಕ್ಕೆ ಕಣ್ಣು ಮುಚ್ಚಲಿಲ್ಲ. ಹೊತ್ತು ಇಳಿಯುವ ತನಕ ಇಬ್ಬರೂ ಆರಿಸಿದರು. ಗುಂಡಿ ತೋಡಿ ಹೂತರು.

ನೀಲವ್ವ ರೊಟ್ಟಿ, ಪುಂಡಿ ಪಲ್ಯ ತಂದಳು.

"ಮಠದ ಉಪ್ಪು ಸಾಲದ ನನ್ನ ಉಪ್ಪೂ ಹುಳಕ್ಕ ಸುರಿದೀರಿ. ಪಲ್ಯ ಸಪ್ಪಗೈತಿ ಅಂತ ಯಾರೂ ಅನ್ನಬ್ಯಾಡ್ರಿ."

ಯಾರೂ ಅನ್ನಲಿಲ್ಲ. ಚನ್ನವೀರ ನಾಲ್ಕು ರೊಟ್ಟಿ ತಿಂದ. ಅಂಥ ಹಸಿವೆ ಆಗಿ ಎಷ್ಟೋ ದಿನವಾಗಿತ್ತು. ತಂಪು ಗಾಳಿಗೆ ಬಳ್ಳಿಗಳು ಅಲುಗುತ್ತಿದ್ದವು.

"ಅಜ್ಜಾರ," ಎಂದ. "ಒಂಬತ್ತ ದಿನ ಉಳಿದಿತ್ತು. ಇನ್ನ ಮೂರು ವರ್ಷ ಮೊದಲಿಂದ ಎಣಸಬೇಕಲ್ರಿ?"

ಅಜ್ಜಾರು ತೂತಿಲ್ಲದ ಎಲೆಯೊಂದನ್ನು ಹುಡುಕಿ ಕಿತ್ತು, ಸುಣ್ಣ ಸವರಿ, ಮಡಚಿ ಬಾಯಿಗೆ ಇಟ್ಟುಕೊಂಡರು.

"ಎಣಸೋದು ಬಿಡು. ನಾಳೆ ಮಣ್ಣಾಗ ಹುಳದ ತತ್ತಿ ಹುಡುಕು."