ಮೂವತ್ತೆರಡನೆಯ ಗೆರೆ

"ಬುದ್ಧಿ, ಒಂದು ಪದವನ್ನು ಪೂರ್ತಿ ಕಲಿತೆ ಎಂದು ಯಾವಾಗ ಹೇಳಬಹುದು?"

ಕೇಳಿದವನು ಸಿದ್ಧಮಲ್ಲಪ್ಪ, ಮಠದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಶಿಷ್ಯ. ಅವನ ಕೈಯಲ್ಲಿ ಒಂದು ನೋಟ್‌ಬುಕ್ಕಿತ್ತು. 'ಟೇಕ್' ಎಂಬ ಒಂದೇ ಪದಕ್ಕೆ ಅದರಲ್ಲಿ ನಾಲ್ಕು ಪುಟ ಅರ್ಥ ಬರೆದಿದ್ದ. ಇನ್ನೂ ಎಲ್ಲೋ ಒಂದು ಉಳಿದಿದೆ ಎಂಬ ಕೊರಗು ಅವನಿಗೆ.

ಹನ್ನೊಂದು ವರ್ಷದಿಂದ ಮಠದ ದಾಸೋಹದಲ್ಲಿ ಬಂದವರಿಗೆಲ್ಲ ಬಡಿಸುವವನೂ ಅವನೇ. ತಾನು ಮಾತ್ರ ಒಂದು ದಿನವೂ ಪಂಕ್ತಿಯಲ್ಲಿ ಕೂತವನಲ್ಲ. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ತಾನೇ ಬಡಿಸಿಕೊಂಡು ಉಣ್ಣುತ್ತಿದ್ದ. ಯಾರಾದರೂ ಸೌಟು ಹಿಡಿದು ಬಂದರೆ, "ನನಗ್ಯಾಕೆ ಉಪಚಾರ, ನಾನು ಮನೆಯವನು" ಎಂದು ತಟ್ಟೆ ಮರೆಮಾಡುತ್ತಿದ್ದ. ಗುರುಗಳಿಗೆ ಅವನೆಂದರೆ ಬಹಳ ಪ್ರೀತಿ. ಅದಕ್ಕೇ ಅವನಿಗೆ ನೆಟ್ಟಗೆ ಉತ್ತರ ಕೊಡುತ್ತಿದ್ದುದು ಕಡಿಮೆ.

"ಕೂತ್ಕೊ ಮರಿ. ಒಬ್ಬ ವ್ಯಾಪಾರಿಯ ಹೆಂಡತಿಯ ಕತೆ ಹೇಳ್ತೀನಿ" ಎಂದು ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನಿಗೂ ಅವನ ಹೆಂಡತಿಗೂ ಒಬ್ಬನೇ ಮಗ, ಸೈನ್ಯದಲ್ಲಿದ್ದ. ಮಗ ದೂರದ ಗುಡ್ಡಗಾಡಿನ ಸೀಮೆಯ ಹುಡುಗಿಯನ್ನು ಮದುವೆಯಾಗಿ ಕರೆತಂದ. ರಜೆ ಮುಗಿದಾಗ ಅವಳನ್ನು ಅಮ್ಮನ ಕೈಗೆ ಒಪ್ಪಿಸಿ ಹೊರಟುಹೋದ. ಸೊಸೆಗೆ ಕನ್ನಡ ಬಾರದು, ಅತ್ತೆಗೆ ಸೊಸೆಯ ಭಾಷೆ ಬಾರದು. ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು, ಅಷ್ಟೇ ದಾರಿ.

ಅತ್ತೆ ಪಕ್ಕದ ಬೀದಿಯ ಮೇಷ್ಟರ ಮನೆಗೆ ಹೋದಳು.

"ಮೇಷ್ಟ್ರೇ, ನಂಗೆ ಒಂದೇ ಒಂದು ಪದ ಹೇಳಿಕೊಡಿ. ಈ ವಯಸ್ಸಲ್ಲಿ ಎರಡು ತಲೇಲಿ ನಿಲ್ಲಲ್ಲ. ಆ ಒಂದರಲ್ಲೇ ನನ್ನ ಸಂಸಾರ ನಡೀಬೇಕು."

ಮೇಷ್ಟರು ಯೋಚಿಸಿ 'ಟೇಕ್' ಕೊಟ್ಟರು. ತೆಗೆದುಕೋ ಎಂದು ಅರ್ಥ ತಾಯಿ, ಆದರೆ ಅಲ್ಲಿಗೇ ನಿಲ್ಲುವ ಪದವಲ್ಲ ಎಂದರು. ಟೇಕ್ ಫುಡ್ ಎಂದರೆ ಉಣ್ಣು. ಟೇಕ್ ಬಾತ್ ಎಂದರೆ ಸ್ನಾನ ಮಾಡು. ಟೇಕ್ ರೆಸ್ಟ್ ಎಂದರೆ ಸ್ವಲ್ಪ ಅಡ್ಡಾಗು. ಮಾತ್ರೆ ನುಂಗುವುದಕ್ಕೂ ಅದೇ, ಬಸ್ಸು ಹಿಡಿಯುವುದಕ್ಕೂ ಅದೇ, ಕುರ್ಚಿಯಲ್ಲಿ ಕೂರು ಅನ್ನುವುದಕ್ಕೂ ಅದೇ. ಅವಸರ ಬೇಡ ಎನ್ನಬೇಕಾದರೂ ಅದೇ ಬರುತ್ತದೆ.

ಅತ್ತೆಗೆ ಭಾರಿ ಖುಷಿಯಾಯಿತು. ಒಂದೇ ಪಾತ್ರೆಯಲ್ಲಿ ಅನ್ನ, ಸಾರು, ಪಾಯಸ ಎಲ್ಲ ಆಗುವ ಹಾಗಿದೆಯಲ್ಲ ಎಂದುಕೊಂಡಳು. ಹೊಸದೊಂದು ಬಳಕೆ ಕಲಿತಾಗಲೆಲ್ಲ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಮೇಷ್ಟರು ಹೇಳಿಕೊಡದ್ದನ್ನೂ ತಾನೇ ಕಟ್ಟಿದಳು. ಹುಡುಗಿಯನ್ನು ಜಗಲಿಯ ಮೇಲೆ ಕೂರಿಸಿ "ಟೇಕ್ ಬಿಸಿಲು" ಎಂದಳು. ಎಣ್ಣೆಯ ಬಟ್ಟಲು ತಂದು "ಟೇಕ್ ತಲೆ" ಎಂದಳು. ಹುಡುಗಿ ಬಿದ್ದು ಬಿದ್ದು ನಕ್ಕಳು. ಅವಳ ನಗು ನೋಡಿ ಅತ್ತೆ ಆ ಎರಡಕ್ಕೂ ಗೆರೆ ಎಳೆದುಬಿಟ್ಟಳು.

ಎರಡು ತಿಂಗಳಲ್ಲಿ ಮೂವತ್ತೊಂದು ಗೆರೆಗಳಾದವು. ಅಷ್ಟರಲ್ಲಿ ಹುಡುಗಿಯ ನಗು ನಿಂತುಹೋಗಿತ್ತು.

ಅತ್ತೆ ಅವಳನ್ನು ಒಂದು ಕಡ್ಡಿ ಎತ್ತಲೂ ಬಿಟ್ಟಿರಲಿಲ್ಲ. ಅವಳು ಅಡುಗೆಮನೆಯ ಹೊಸ್ತಿಲಿಗೆ ಬಂದರೆ ಸಾಕು, "ಟೇಕ್ ರೆಸ್ಟ್, ಟೇಕ್ ರೆಸ್ಟ್" ಎಂದು ತೋಳು ಹಿಡಿದು ಹಿಂದಕ್ಕೆ ಕರೆದೊಯ್ಯುತ್ತಿದ್ದಳು. ದೂರದಿಂದ ಬಂದ ಮಗು, ಯಾಕೆ ದಣಿಯಬೇಕು ಎಂಬ ಅಕ್ಕರೆ ಅವಳಿಗೆ. ಅಕ್ಕರೆ ನಿಜವೇ. ಅದರ ಅಡಿಯಲ್ಲಿ ಇನ್ನೊಂದು ಮಾತೂ ಇತ್ತು. ಆ ಸೀಮೆಯವರು ಏನೇನು ತಿನ್ನುತ್ತಾರೋ, ಆ ಕೈಯಲ್ಲಿ ಏನೇನು ಬೇಯಿಸಿದ್ದಾರೋ ಎಂಬುದು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಒಂದು ದಿನ ಮಗನ ಕಾಗದ ಬಂತು. ಸೋಮವಾರ ಅವಳ ಅಣ್ಣ ಬರುತ್ತಾನೆ, ಅವನ ಜೊತೆ ಅವಳನ್ನು ತವರಿಗೆ ಕಳಿಸಿಕೊಡು, ಈ ಮನೆಯಲ್ಲಿ ನಾನು ನೆಂಟಳು ಎಂದು ಅವಳು ಬರೆದಿದ್ದಾಳೆ ಎಂದಿತ್ತು.

ನೆಂಟರಿಗೆ ಯಾರಾದರೂ ದಿನಾ ತಲೆಗೆ ಎಣ್ಣೆ ಒತ್ತುತ್ತಾರೆಯೇ? ಅತ್ತೆ ಮೇಷ್ಟರ ಮನೆಗೆ ಓಡಿದಳು. ಇನ್ನೊಂದು ಅರ್ಥ ಎಲ್ಲೋ ಉಳಿದಿರಬೇಕು, ಹುಡುಕಿಕೊಡಿ ಎಂದು ಗೋಗರೆದಳು. ಮೇಷ್ಟರು ನಿಘಂಟು ತಿರುವಿ ಹಾಕಿ, ಮನೆಗೆ ಬೇಕಾದವೆಲ್ಲ ಮುಗಿದವು ತಾಯಿ ಎಂದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂತಿರುಗಿದಳು.

ಸೋಮವಾರ ಬೆಳಗ್ಗೆ ಆಕೆ ಅಂಗಳಕ್ಕೆ ನೀರು ಹಾಕಿ ಜಗಲಿಯ ಮೇಲೆ ಕೂತಿದ್ದಳು. ಹುಡುಗಿಯ ಚೀಲ ಬಾಗಿಲ ಬಳಿ ಕಟ್ಟಿ ಇಟ್ಟಿತ್ತು. ಹುಡುಗಿ ಒಳಗಿನಿಂದ ಬಂದಳು. ಕೈಯಲ್ಲಿ ಸ್ಟೀಲಿನ ಲೋಟ, ಅದರಲ್ಲಿ ಹಾಲಿಲ್ಲದ ಕಪ್ಪು ಟೀ. ಅತ್ತೆಯ ಮುಂದೆ ಮೊಣಕಾಲೂರಿ ಲೋಟ ಚಾಚಿದಳು.

"ಟೇಕ್" ಎಂದಳು.

ಅತ್ತೆಯ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. "ನಂಗ್ಯಾಕೆ ಕಣಮ್ಮ, ನೀನೇ ಟೇಕ್" ಎಂದಳು.

ಹುಡುಗಿ ಏಳಲಿಲ್ಲ, ಲೋಟವನ್ನು ಕೆಳಗೂ ಇಡಲಿಲ್ಲ. ಆಗ ಅತ್ತೆಯ ಕಣ್ಣು ಅವಳ ಬೆರಳುಗಳ ಮೇಲೆ ಬಿತ್ತು. ಬೆರಳ ತುದಿಗಳೆಲ್ಲ ಕೆಂಪಗೆ ಸುಟ್ಟಿದ್ದವು. ಬರಿಗೈಯಲ್ಲಿ ಪಾತ್ರೆ ಇಳಿಸಿದ್ದಾಳೆ. ಎರಡು ತಿಂಗಳಿಂದ ಮನೆಯಲ್ಲಿರುವ ಸೊಸೆಗೆ ಮಸಿಬಟ್ಟೆ ಎಲ್ಲಿ ನೇತುಹಾಕಿದೆ ಎಂದು ಗೊತ್ತಿಲ್ಲ.

ಅತ್ತೆ ಎರಡೂ ಕೈ ಚಾಚಿ ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿದಳು. ಸಕ್ಕರೆಯ ಡಬ್ಬಿ ಯಾವುದೆಂದೂ ಹುಡುಗಿಗೆ ಗೊತ್ತಿರಲಿಲ್ಲ. ಟೀಗೆ ಉಪ್ಪು ಬಿದ್ದಿತ್ತು. ಅತ್ತೆ ಮುಖ ಕಿವುಚಲಿಲ್ಲ. ತಳದವರೆಗೂ ಕುಡಿದು ಲೋಟ ಇಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ಅದು ಉಪ್ಪಿಗೆ ಬಂದದ್ದಲ್ಲ.

ಆಮೇಲೆ ಹುಡುಗಿಯ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಮೊದಲು ಸುಟ್ಟ ಬೆರಳಿಗೆ ತುಪ್ಪ ಸವರಿದಳು. ಇದು ಸಕ್ಕರೆ, ಇದು ಉಪ್ಪು ಎಂದು ಒಂದೊಂದೇ ಡಬ್ಬಿ ತೆರೆದು ತೋರಿಸಿದಳು. ಒಲೆಯ ಪಕ್ಕದ ಮೊಳೆಯಿಂದ ಮಸಿಬಟ್ಟೆ ತೆಗೆದು ಅವಳ ಹೆಗಲಿಗೆ ಹಾಕಿದಳು. ಬಾಗಿಲ ಹಿಂದೆ ಮೂವತ್ತೆರಡನೆಯ ಗೆರೆಯನ್ನು ಹುಡುಗಿಯ ಕೈಯಲ್ಲೇ ಎಳೆಸಿದಳು.

ಅಣ್ಣ ಬಂದ. ಮೂರು ದಿನ ಇದ್ದು ಉಂಡ, ಬಡಿಸಿದವಳು ತಂಗಿ. ನಾಲ್ಕನೆಯ ದಿನ ಅವನೊಬ್ಬನೇ ಹಿಂತಿರುಗಿದ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧಮಲ್ಲಪ್ಪನಿಗೆ ಕತೆ ಹಿಡಿಸಿತು. ತನ್ನ ನೋಟ್‌ಬುಕ್ ತೆರೆದು ಆ ಬಳಕೆಯನ್ನು ಎಲ್ಲಿ ಬರೆದುಕೊಳ್ಳಲಿ ಎಂದು ಜಾಗ ಹುಡುಕಿದ. ಅಷ್ಟರಲ್ಲಿ ದಾಸೋಹದ ಗಂಟೆ ಹೊಡೆಯಿತು. ಅವನು ಪುಸ್ತಕ ಮಡಚಿಟ್ಟು, ಟವೆಲ್ ಸೊಂಟಕ್ಕೆ ಬಿಗಿದು, ಎಂದಿನಂತೆ ಸಾರಿನ ಬಕೆಟ್ಟಿಗೆ ಕೈ ಹಾಕಿದ.

ಗುರುಗಳು ಆ ಬಕೆಟ್ಟನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು.

"ಹೋಗಿ ಪಂಕ್ತೀಲಿ ಕೂತ್ಕೊ ಮರಿ, ಇವತ್ತು ನಿಂಗೆ ನಾನು ಬಡಿಸ್ತೀನಿ."

ಸಿದ್ಧಮಲ್ಲಪ್ಪ ಸೊಂಟದ ಟವೆಲ್ ಬಿಚ್ಚಿ, ಪಂಕ್ತಿಯ ಕೊನೆಯಲ್ಲಿ ಕೂತು ತಟ್ಟೆ ಮುಂದಿಟ್ಟುಕೊಂಡ.