ಸೋತ ದಿನದ ಫೋನು

"ಅಜ್ಜಾರ, ದೊಡ್ಡದೇನಾದ್ರೂ ಸಾಧಿಸಬೇಕು ಅನ್ನಾಂವ ಮನಿ ಮಂದಿನ್ನ ಮರೀಬೇಕೋ ಬ್ಯಾಡೋ?"

ಹೀಗೆ ಕೇಳಿದವನು ಚನ್ನವೀರ, ಮಠದಲ್ಲಿ ಶಾಸ್ತ್ರ ಓದುತ್ತಿದ್ದ ಶಿಷ್ಯ. ಕೇಳಿಸಿಕೊಂಡವರು ಮಠದ ಹಿರಿಯ ಸ್ವಾಮಿಗಳು. ಅವರನ್ನು ಊರೆಲ್ಲ ಅಜ್ಜನವರು ಎಂದೇ ಕರೆಯುತ್ತಿತ್ತು. ಓದು ಮುಗಿಯುವವರೆಗೆ ಮನೆಯವರೊಡನೆ ಮಾತಾಡುವುದಿಲ್ಲ ಎಂದು ಚನ್ನವೀರ ತಾನಾಗಿಯೇ ಒಂದು ನೇಮ ಹಿಡಿದಿದ್ದ. ಮಠ ಅವನಿಂದ ಅಂಥದ್ದೇನನ್ನೂ ಕೇಳಿರಲಿಲ್ಲ.

"ಪ್ರಶ್ನೆ ಭಾಳ ದೊಡ್ಡದಾತು. ಸಣ್ಣದು ಮಾಡಿ ಕೇಳು," ಎಂದರು ಅಜ್ಜನವರು.

ಶಿಷ್ಯ ತಲೆ ತಗ್ಗಿಸಿದ. ಹೋದ ಸೋಮವಾರ ಅವನ ತಾಯಿ ಮಠಕ್ಕೆ ಬಂದು ದಾಸೋಹದ ಸಾಲಿನಲ್ಲಿ ಊಟಕ್ಕೆ ಕೂತಿದ್ದಳು. ಅನ್ನ ಬಡಿಸುತ್ತ ಬಂದ ಅವನು, ಅವಳ ಎಲೆ ಹತ್ತಿರವಾಗುತ್ತಲೇ ಬಕೀಟನ್ನು ಇನ್ನೊಬ್ಬನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಟ್ಟಿದ್ದ. ಅದನ್ನೆಲ್ಲ ಹೇಳಿ, "ಮಾತಾಡಿದ್ರ ಮನಸ್ಸು ಕದಡತಿತ್ತು ಅಜ್ಜಾರ. ನಾ ಮಾಡಿದ್ದು ಬರೋಬ್ಬರಿ ಐತಲ್ಲ?" ಎಂದ.

ಅಜ್ಜನವರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಒಬ್ಬಾಕಿ ಟೆನಿಸ್ ಆಡಾಕಿ ಇದ್ದಳು," ಎಂದು ಶುರು ಮಾಡಿದರು. ಶಿಷ್ಯ ಬೆರಗಾಗಿ ಮುಖ ನೋಡಿದ. "ಯಾಕೋ, ವಿಭೂತಿ ಹಚ್ಚಿಕೊಂಡರ ಟಿವಿ ಕಾಣೂದಿಲ್ಲೇನು?" ಎಂದು ನಕ್ಕು ಕತೆಗೆ ಇಳಿದರು.

ಒಂದು ಊರಿನಲ್ಲಿ ಹೊಲಿಗೆ ಮಾಡಿ ಬದುಕುವ ಒಬ್ಬ ತಾಯಿ ಇದ್ದಳು. ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವುದು ಅವಳ ಕೆಲಸ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು. ಆ ಮಗಳಿಗೆ ಟೆನಿಸ್ಸಿನ ಹುಚ್ಚು ಹಿಡಿಯಿತು. ತಾಯಿಗೆ ಆಟದ ತಲೆಬುಡ ತಿಳಿಯದು. ತಿಳಿದದ್ದು ಒಂದೇ, ಆಡುವವಳಿಗೆ ಇನ್ನೊಂದು ಚೆಂಡು ಇಟ್ಟುಕೊಳ್ಳಲು ಜೇಬು ಬೇಕು ಎಂಬುದು. ಮಗಳ ಲಂಗಗಳಿಗೆಲ್ಲ ಅವಳು ಗಟ್ಟಿಯಾಗಿ ಜೇಬು ಹೊಲಿದುಕೊಟ್ಟಳು.

ಮಗಳು ಇನ್ನೂ ಸಣ್ಣವಳಿದ್ದಾಗ ಪರವೂರಿಗೆ ಆಡಲು ಹೋದಳು. ಬೆಳಿಗ್ಗೆ ತಾಯಿಗೆ ಫೋನ್ ಮಾಡಿ ಅತ್ತಳು, ಮಧ್ಯಾಹ್ನ ಆಟದಲ್ಲಿ ಸೋತಳು. ಆಟ ಕಲಿಸುವ ಕೋಚ್ ಬೈದ. ಪಂದ್ಯಾವಳಿ ಮುಗಿಯುವ ತನಕ ಮನೆಗೆ ಮಾತಾಡಬೇಡ, ಮಾತಾಡಿದರೆ ಮನಸ್ಸು ಅಲ್ಲಿ, ಕೈ ಇಲ್ಲಿ ಆಗುತ್ತದೆ ಎಂದ. ಹುಡುಗಿ ಅದನ್ನೇ ನೇಮ ಮಾಡಿಕೊಂಡಳು. ಆಟಗಾರರ ಮಡಿ ನಮ್ಮ ಮಡಿಗಿಂತ ಬಿಗಿ, ತಿಳಿದುಕೋ. ಒಬ್ಬಳು ಅಂಗಳದ ಗೆರೆ ತುಳಿಯುವುದಿಲ್ಲ. ಇನ್ನೊಬ್ಬಳು ಗೆದ್ದ ದಿನದ ಕಾಲುಚೀಲ ಬದಲಿಸುವುದಿಲ್ಲ. ಪಕ್ಕದಲ್ಲಿ ಕೂತವರ ಗತಿ ಶಿವನೇ ಬಲ್ಲ. ಇವಳದು ಮನೆಗೆ ಫೋನ್ ಮಾಡದಿರುವ ನೇಮ. ತಾಯಿಯೂ ಅದಕ್ಕೆ ಕಟ್ಟುಬಿದ್ದಳು. ತಾನಾಗಿ ಫೋನ್ ಮಾಡಿ, ಮಗಳು ಸೋತುಬಿಟ್ಟರೆ ಏನು ಗತಿ ಎಂದು ಹೆದರಿ ಅವಳು ಫೋನನ್ನು ಮುಟ್ಟುತ್ತಲೇ ಇರಲಿಲ್ಲ.

ಆದರೆ ಟೆನಿಸ್ಸಿನಲ್ಲಿ ಒಂದು ಸಲ ಸೋತರೆ ಆ ಪಂದ್ಯಾವಳಿ ಮುಗಿದಂತೆ. ಗೆದ್ದವಳು ಉಳಿಯುತ್ತಾಳೆ, ಮತ್ತೆ ಆಡುತ್ತಾಳೆ. ಹೀಗಾಗಿ ಮಗಳ ಫೋನ್ ಬಂತೆಂದರೆ ಮಗಳು ಸೋತಳೆಂದೇ ಲೆಕ್ಕ.

ಮಗಳು ಬೆಳೆದು ಹೆಂಗಸರ ಟೂರ್ ಸೇರಿದಳು. ಅಂದರೆ ವಾರಕ್ಕೊಂದು ಊರು, ಕೈಯಲ್ಲಿ ರ‍್ಯಾಕೆಟ್ಟಿನ ಚೀಲ, ವರ್ಷವಿಡೀ ತಿರುಗಾಟ. ಮೊದಮೊದಲು ಹೋದಲ್ಲೆಲ್ಲ ಸೋತಳು. ವಾರ ತಪ್ಪದೆ ಫೋನ್ ಬರುತ್ತಿತ್ತು.

"ಸೋತ್ನಿ ಯವ್ವಾ."

"ಹೌದೇನವಾ? ಇರಲಿ ಬಿಡು. ಊಟ ಆತೇನು?"

ಆಮೇಲೆ ತಾಯಿಯ ಮಾತಿಗೆ ಕಟ್ಟೇ ಇರುತ್ತಿರಲಿಲ್ಲ. ಹಿತ್ತಲಿನ ಅವರೆ ಬಳ್ಳಿ ಹಂಚಿನ ಮೇಲೆ ಹತ್ತಿದ್ದು, ಶಾಲೆಯವರು ಈ ಸಲ ಬಟ್ಟೆಯ ಬಣ್ಣ ಬದಲಿಸಿದ್ದು, ಬಾಜೂಮನೆಯ ಬೆಕ್ಕು ಬಂದು ಇವರ ಮನೆಯಲ್ಲಿ ಮರಿ ಹಾಕಿದ್ದು, ಎಲ್ಲ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ನಗುತ್ತಿದ್ದಳು. ಮಗಳು ಸುಮ್ಮನೆ ಕೇಳುತ್ತಿದ್ದಳು. ಸೋಲಿನ ನೋವಿಗಿಂತ ತಾಯಿಯ ಆ ನಗು ಅವಳಿಗೆ ಹೆಚ್ಚು ಚುಚ್ಚತೊಡಗಿತು. ನಾನು ಸೋತೆನೆಂದರೆ ಅವ್ವನಿಗೆ ಇಷ್ಟು ಸಂತೋಷ ಏಕೆ? ನಾನು ಈ ಆಟ ಬಿಡಬೇಕೆಂದು ಅವಳ ಮನಸ್ಸಿನಲ್ಲಿ ಇದೆಯೋ ಏನೋ? ಕೇಳಬೇಕೆನಿಸುತ್ತಿತ್ತು, ಕೇಳುತ್ತಿರಲಿಲ್ಲ. ಅನುಮಾನ ಒಳಗೇ ಬೆಳೆಯಿತು.

ತಾಯಿ ದಿನಾ ದೀಪ ಹಚ್ಚಿ, ದೇವರೇ, ನನ್ನ ಮಗಳು ಗೆಲ್ಲಲಿ ಎಂದು ಕೈಮುಗಿಯುತ್ತಿದ್ದಳು. ಅದು ಸುಳ್ಳಲ್ಲ. ಕೈಮುಗಿದು ಬಂದು ಮಷಿನ್ನಿನ ಮುಂದೆ ಕೂತಳೆಂದರೆ ಕಿವಿ ಮಾತ್ರ ಫೋನಿನ ಕಡೆಗೇ. ಬಾಯಿ ಗೆಲುವು ಬೇಡುತ್ತಿತ್ತು, ಕಿವಿ ಸೋಲು ಬೇಡುತ್ತಿತ್ತು. ಪಾಪ, ಇದು ಅವಳಿಗೇ ಗೊತ್ತಿರಲಿಲ್ಲ.

ಆಮೇಲೆ ಆ ವರ್ಷ ಬಂತು.

ಮಗಳ ಕೈ ಕುದುರಿತು. ಅರ್ಹತಾ ಸುತ್ತಿನಲ್ಲೇ ಒದ್ದಾಡುತ್ತಿದ್ದವಳು ಮುಖ್ಯ ಸುತ್ತಿನಲ್ಲಿ ಹೆಸರುವಾಸಿ ಆಟಗಾರ್ತಿಯರನ್ನು ಸೋಲಿಸಿದಳು. ಒಂದು ಕಡಲತೀರದ ಊರಿನಲ್ಲಿ ಮೊದಲ ಸಲ ಫೈನಲ್ ಗೆದ್ದು ಕಪ್ ಎತ್ತಿದಳು. ಅಂದು ಅವಳು ಫೋನ್ ಕೈಗೆತ್ತಿಕೊಂಡದ್ದುಂಟು. ಪಂದ್ಯಾವಳಿ ಮುಗಿದಿತ್ತು, ಮಾತಾಡಿದ್ದರೆ ನೇಮ ಮುರಿಯುತ್ತಿರಲಿಲ್ಲ. ಆದರೆ ಅವಳಿಗೆ ಅಂಜಿಕೆಯಾಯಿತು. ಸೋತಾಗ ನಗುವ ಅವ್ವ ಗೆದ್ದಾಗ ಹೇಗೆ ಮಾತಾಡಿಯಾಳು? ದನಿ ಸಪ್ಪಗಾದರೆ? ಅದನ್ನು ಕೇಳುವ ಧೈರ್ಯ ಸಾಲಲಿಲ್ಲ. ಇಷ್ಟೊಂದು ಜನರನ್ನು ಸೋಲಿಸಿ ಬಂದವಳು ಒಂದು ದನಿಗೆ ಹೆದರಿದಳು. ಫೋನನ್ನು ಚೀಲದಲ್ಲಿಟ್ಟು ಮುಂದಿನ ಊರಿಗೆ ಹೋದಳು. ಅಲ್ಲಿಯೂ ಗೆದ್ದಳು.

ಊರಿನಲ್ಲಿ ತಾಯಿಗೆ ಎಲ್ಲಿಲ್ಲದ ಮರ್ಯಾದೆ. ಎದುರುಮನೆಯ ಮಾಸ್ತರರು ಪೇಪರು ಓದಿ ಹೇಳುವರು. ಕಂಡವರೆಲ್ಲ, ನೀನು ಪುಣ್ಯವಂತೆ, ಹೆತ್ತರೆ ಇಂಥ ಮಗಳನ್ನು ಹೆರಬೇಕು ಎನ್ನುವರು. ತಾಯಿ ಹೌದು ಹೌದು ಎಂದು ಸಕ್ಕರೆ ಹಂಚುವಳು. ಜನ ಹೋದ ಮೇಲೆ ಹೊಲಿಯಲು ಕೂರುವಳು. ಮಷಿನ್ನಿನ ಸದ್ದಿನಲ್ಲಿ ಫೋನ್ ಕೇಳಿಸದೆ ಹೋದೀತೆಂದು ಮತ್ತೆ ಮತ್ತೆ ತುಳಿಯುವುದನ್ನು ನಿಲ್ಲಿಸುವಳು. ಎಲ್ಲಿಯ ಫೋನು? ಮಗಳು ಗೆಲ್ಲುತ್ತಿದ್ದಳು.

ನಡುವೆ ಒಮ್ಮೆ ಒಂದು ದೊಡ್ಡ ಪಂದ್ಯಾವಳಿಯ ಸೆಮಿಫೈನಲ್ಲಿನಲ್ಲಿ ಮಗಳು ಸೋತಳು. ಗೆಲ್ಲಬೇಕಾದ ಆಟ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಅತ್ತು ಕಣ್ಣು ಊದಿಸಿಕೊಂಡು ಫೋನ್ ಮಾಡಿದಳು. ಎಷ್ಟೋ ವಾರಗಳ ಮೇಲೆ ಮಗಳ ದನಿ ಕೇಳಿದ ತಾಯಿ ಏನು ಮಾಡಿಯಾಳು? ನಕ್ಕುಬಿಟ್ಟಳು. "ಬಂತಾ ನಿನ್ನ ಫೋನು! ಬಂತಾ!" ಎಂದು ಕೂಗಿದಳು.

"ಊರ ಮಂದಿ ಎಲ್ಲಾ ಮಾರಿ ಸಣ್ಣದು ಮಾಡಿರತಾರ, ನೀ ಒಬ್ಬಾಕಿ ನಗಾಕತ್ತಿ. ನಾ ಸೋಲೂದನ್ನ ಕಾಯ್ತಿದ್ದಿಯಲ್ಲ ನೀ?" ಎಂದಳು ಮಗಳು.

ತಾಯಿ ಇಲ್ಲವೆನ್ನಲು ಬಾಯಿ ತೆರೆದಳು. ಇಲ್ಲವೆಂದು ಹೇಳಲಾಗಲಿಲ್ಲ. ತಾನು ಕಾಯುತ್ತಿದ್ದದ್ದು ಏನನ್ನು ಎಂಬುದು ಆಗಷ್ಟೇ ಅವಳಿಗೆ ಹೊಳೆದಿತ್ತು. ಮಗಳು ಫೋನ್ ಇಟ್ಟುಬಿಟ್ಟಳು.

ಅಲ್ಲಿಂದ ಮಗಳು ಸೋತರೂ ಫೋನ್ ಮಾಡಲಿಲ್ಲ, ಗೆದ್ದರೂ ಮಾಡಲಿಲ್ಲ. ಸಿಟ್ಟಿನಿಂದ ಆಡಿದಳು, ಸಿಟ್ಟು ಗೆಲುವು ತಂದಿತು. ಹೆಸರು ಮೇಲೇರಿತು. ತಾಯಿ ದೇವರ ಮುಂದೆ ಕೂರುವುದನ್ನೇ ಬಿಟ್ಟಳು. ಏನು ಬೇಡಿಕೊಳ್ಳಬೇಕೆಂದು ಅವಳಿಗೆ ತಿಳಿಯದಾಗಿತ್ತು. ಗೆಲ್ಲಲಿ ಎಂದರೆ ಮನಸ್ಸು ಕಳ್ಳಿ ಎನ್ನುತ್ತಿತ್ತು. ಸೋಲಲಿ ಎನ್ನಲು ಯಾವ ತಾಯಿಗೆ ಬಾಯಿ ಬಂದೀತು?

ವರ್ಷದ ಕೊನೆಗೆ ಒಂದು ಪಂದ್ಯಾವಳಿ ಇರುತ್ತದೆ. ಇಡೀ ವರ್ಷ ಚೆನ್ನಾಗಿ ಆಡಿದ ಕೆಲವರಿಗೆ ಮಾತ್ರ ಅಲ್ಲಿ ಪ್ರವೇಶ. ಮಗಳು ಅಲ್ಲಿಗೂ ಹೋದಳು. ಸೆಮಿಫೈನಲ್ಲಿನಲ್ಲಿ ತನಗಿಂತ ಹಿರಿಯಳಾದ ಒಬ್ಬ ಪರದೇಶದ ಆಟಗಾರ್ತಿಯನ್ನು ಸೋಲಿಸಿದಳು. ಆಟ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಆ ಸೋತವಳು ಬೆಂಚಿನ ಮೇಲೆ ಕೂತು ಫೋನಿನಲ್ಲಿ ಯಾರನ್ನೋ ನೋಡುತ್ತ ಮಾತಾಡುತ್ತಿದ್ದಳು. ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡಿದ್ದಳು. ಕಣ್ಣಿನ ನೀರು ಇನ್ನೂ ಆರಿರಲಿಲ್ಲ. ಆದರೂ ನಗುತ್ತಿದ್ದಳು. ಫೋನಿನೊಳಗಿಂದ ಪುಟ್ಟ ಕೈಗಳ ಚಪ್ಪಾಳೆ ಕೇಳುತ್ತಿತ್ತು.

ಮಗಳು ತಡೆಯಲಾರದೆ ಕೇಳಿದಳು: "ನೀನು ಸೋತೆ. ಯಾರು ಚಪ್ಪಾಳೆ ತಟ್ಟುತ್ತಿದ್ದಾರೆ?"

ಹಿರಿಯಳು ಕಣ್ಣೊರೆಸಿಕೊಂಡು ಹೇಳಿದಳು: "ನನ್ನ ಮಗಳು. ಅವಳಿಗೆ ಆಟ ಗೊತ್ತಿಲ್ಲ. ಸೋತರೆ ಅಮ್ಮ ಮನೆಗೆ ಬರುತ್ತಾಳೆ ಎನ್ನುವುದು ಗೊತ್ತು."

ಮಗಳು ಅಲ್ಲಿಯೇ ಬೆಂಚಿನ ಮೇಲೆ ಕೂತಳು. ಗೆದ್ದವಳು ಬಿಕ್ಕಿ ಬಿಕ್ಕಿ ಅತ್ತಳು, ಸೋತವಳು ಅವಳ ಬೆನ್ನು ಸವರಿದಳು.

ಮರುದಿನ ಫೈನಲ್. ಆಟ ನಡೆಯುವ ದೇಶದಲ್ಲಿ ಬೆಳಗು, ಇಲ್ಲಿ ನಮ್ಮ ಕಡೆ ರಾತ್ರಿ ಊಟದ ಹೊತ್ತು ದಾಟಿತ್ತು. ಮಾಸ್ತರರ ಮನೆಯ ಟಿವಿಯ ಮುಂದೆ ಓಣಿಯ ಜನ ಆಗಲೇ ಚಾಪೆ ಹಾಸಿ ಜಾಗ ಹಿಡಿದಿದ್ದರು. ತಾಯಿ ಮಾತ್ರ ಮನೆಯಲ್ಲಿ ಒಂದು ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದಳು. ಫೋನ್ ಬಂತು. ಮಗಳ ಹೆಸರು ನೋಡಿ ಅವಳು ಗಡಿಬಿಡಿಯಲ್ಲಿ ಎತ್ತಿಕೊಂಡಳು. ಆಟ ಇನ್ನೂ ಶುರುವಾಗಿರಲಿಲ್ಲ.

"ಯಾಕವಾ? ಇವತ್ತ ಆಟ ಐತೆಲ್ಲಾ? ಇಡವಾ, ಮೊದಲ ಫೋನ್ ಇಡು! ನೇಮ ಕೆಡತೈತಿ!"

"ಕೆಟ್ಟರ ಕೆಡಲಿ ಬಿಡು ಯವ್ವಾ," ಎಂದಳು ಮಗಳು. "ಊಟ ಆತೇನು?"

ಇಷ್ಟು ವರ್ಷ ಆ ಮಾತನ್ನು ತಾಯಿ ಕೇಳಿದ್ದಳೇ ಹೊರತು ಅವಳನ್ನು ಯಾರೂ ಕೇಳಿರಲಿಲ್ಲ. ಮಡಿಲಲ್ಲಿದ್ದ ಗುಂಡಿಗಳೆಲ್ಲ ನೆಲಕ್ಕೆ ಉರುಳಿದವು. ಅವನ್ನು ಆರಿಸಿಕೊಳ್ಳುತ್ತ, "ಇನ್ನೂ ಇಲ್ಲವಾ," ಎಂದಳು. "ಹಂಗಾರ ಗಂಗಾಳ ತಗೊಂಡು ಕೂಡು. ನೀ ಉಣ್ಣು, ನಾ ಮಾತಾಡತೀನಿ," ಎಂದಳು ಮಗಳು. ತಾಯಿ ರೊಟ್ಟಿ ಮುರಿದಳು. ಈ ಸಲ ಮಾತೆಲ್ಲ ಮಗಳದೇ. ಅಂಗಳಕ್ಕೆ ಬಾ ಎಂದು ಕರೆ ಬರುವ ತನಕ ಮಾತಾಡಿದಳು.

ಅಜ್ಜನವರು ಇಲ್ಲಿಗೆ ನಿಲ್ಲಿಸಿ, ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದರು. ಮಠದ ಅಂಗಳದಲ್ಲಿ ದಾಸೋಹದ ಪಂಕ್ತಿ ಎದ್ದಿತ್ತು. ಎಲೆ ತೆಗೆಯುವ ಸದ್ದು ಕೇಳುತ್ತಿತ್ತು. ಅಂದೂ ಸೋಮವಾರ.

ಕತೆ ಮುಂದೆ ಹೋಗುವ ಹಾಗೆ ಕಾಣಲಿಲ್ಲ. ಚನ್ನವೀರನಿಗೆ ತಡೆಯಲಾಗಲಿಲ್ಲ.

"ಆಮ್ಯಾಲೆ, ಅಜ್ಜಾರ? ಫೈನಲ್ ಗೆದ್ಲೋ, ಸೋತ್ಲೋ?"

ಅಜ್ಜನವರು ತಂಬಿಗೆ ಕೆಳಗಿಟ್ಟು ಬಾಗಿಲ ಕಡೆ ನೋಡಿದರು.

"ಅದು ನನಗೂ ಗೊತ್ತಿಲ್ಲೋ ತಮ್ಮಾ, ನಿನ್ನವ್ವ ಹೊರಗ ಕಟ್ಟಿ ಮ್ಯಾಲೆ ಕುಂತು ಭಾಳೊತ್ತಾತು, ಹೋಗಿ ಊಟ ಆತೇನಂತ ಕೇಳು."