ಹತ್ತು ದಿನಕ್ಕೆ ಬಂದ ನೆಂಟ

ಚೆನ್ನವೀರಮ್ಮಜ್ಜಿಯ ಊರುಗೋಲಿಗೆ ಅವಳ ಸಂಚಿಯಲ್ಲಿದ್ದ ನಿದ್ದೆಗುಳಿಗೆಯನ್ನು ಕಂಡರೆ ಮೈಯೆಲ್ಲ ಉರಿ. ಈ ತಿಂಗಳಲ್ಲೇ ಅಜ್ಜಿ ತೂಕಡಿಸುತ್ತ ಮೂರು ಸಲ ಎಡವಿದ್ದಳು. ಮೂರು ಸಲವೂ ಬೀಳದಂತೆ ತಡೆದದ್ದು ಊರುಗೋಲೇ.

"ಏನಪ್ಪಾ ನೆಂಟಾ, ನೀನು ಬಂದದ್ದು ಎಷ್ಟು ದಿನಕ್ಕೆ?" ಎಂದು ಅದು ಕೇಳಿತು.

"ಕಣ್ಣಿನ ಆಪರೇಷನ್ ಆದಾಗ ಹತ್ತು ದಿನಕ್ಕೆ," ಎಂದಿತು ಗುಳಿಗೆ. "ಆಮೇಲಿಂದ ಅಜ್ಜಿ ಖಾಲಿಯಾದ ಗುಳಿಗೆಪಟ್ಟಿ ತೋರಿಸುತ್ತಾಳೆ, ಔಷಧಿ ಅಂಗಡಿಯವನು ತುಂಬಿದ್ದು ಕೊಡುತ್ತಾನೆ. ಒಂಬತ್ತು ವರ್ಷವಾಯಿತು. ಕರೆದವರ ಮನೆಯಿಂದ ಎದ್ದು ಹೋಗುವುದು ಮರ್ಯಾದೆಯೇ?"

"ಮುಂದಿನ ಸಲ ಅವಳ ಸೊಂಟ ಮುರಿಯುತ್ತದೆ ಕಣೋ!"

"ಹಿಡಿಯಲು ನೀನಿದ್ದೀಯಲ್ಲ!"

ಮರುದಿನ ಅಜ್ಜಿ ಕೆಮ್ಮಿಗೆಂದು ಡಾಕ್ಟರಮ್ಮನ ಬಳಿ ಹೋದಾಗ ಊರುಗೋಲು ಬೇಕೆಂದೇ ಜಾರಿ ಸಂಚಿಯನ್ನು ಕೆಡವಿತು. ಹೊರಬಿದ್ದ ಪಟ್ಟಿಯನ್ನು ನೋಡಿ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು.

"ಇದನ್ನು ಇನ್ನೂ ನುಂಗುತ್ತಿದ್ದೀರಾ ಅಜ್ಜಿ? ನೀವು ಎಡವುವುದು ಇದರಿಂದಲೇ. ಆದರೆ ಒಮ್ಮೆಲೇ ಬಿಡಬೇಡಿ, ನಾನು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸೋಣ."

ನೆಂಟ ಅರ್ಧವಾದ, ಕಾಲುಭಾಗವಾದ, ಕೊನೆಗೆ ಹೊರಟ. "ನಿನ್ನ ಸರದಿಯೂ ಬರುತ್ತೆ, ನೋಡ್ತಿರು!" ಎಂದು ಶಪಿಸಿಯೇ ಹೋದ.

ಶಾಪ ತಟ್ಟಿತು. ಮೊನ್ನೆ ಹೂವಿನವಳ ಬಳಿ ಚೌಕಾಸಿ ಮಾಡಿದ ಅಜ್ಜಿ, ಊರುಗೋಲನ್ನು ಅಲ್ಲೇ ಮರೆತು ಸರಸರನೆ ಮನೆಗೆ ನಡೆದುಬಿಟ್ಟಳು. ಗೋಡೆಗೊರಗಿದ ಊರುಗೋಲು ಸಂಜೆಯವರೆಗೂ ನಗುತ್ತಲೇ ಇತ್ತಂತೆ. ಸುಳ್ಳೆನಿಸಿದರೆ ಹೂವಿನವಳನ್ನೇ ಕೇಳಿ.